ಚುಕ್ಕೆ ಕಿತ್ತೂರು ದಾಟಿತು: ಕನೆಕ್ಟೆಡ್ ಕಾರಿನ ಜೊತೆ ನಾಲ್ಕು ವರ್ಷ

ಕಾರಿನ ಮೈಲೇಜು, ಎಂಜಿನ್, ಡಿಕ್ಕಿ ಜಾಗ ಇವೆಲ್ಲ ನಿಮಗೆ ಎಲ್ಲ ಕಡೆ ಓದಲು ಸಿಗುತ್ತವೆ. ನಾನು ಅದನ್ನು ಬರೆಯುವುದಿಲ್ಲ. ಕಾರಿನೊಳಗೆ ಕೂತಿರುವ ಒಂದು ಸಣ್ಣ ಸಿಮ್ ಬಗ್ಗೆ ಬರೆಯುತ್ತೇನೆ. ಜೊತೆಗೆ ಧಾರವಾಡದಲ್ಲಿರುವ ನಮ್ಮ ಅವ್ವನ ಬಗ್ಗೆಯೂ.

ನಾವಿರುವುದು ಪುಣೆಯ ಚಿಂಚವಡದಲ್ಲಿ. ನಾನು ಭೋಸರಿಯಲ್ಲಿ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದೇನೆ. 2021ರ ದಸರೆಗೆ ಈ ಕಾರು ತಗೊಂಡೆವು. ನಾಲ್ಕು ಮೀಟರ್ ಒಳಗಿನ ಎಸ್‌ಯುವಿ, ಪೆಟ್ರೋಲ್, ಆಟೊಮ್ಯಾಟಿಕ್. ಕನೆಕ್ಟೆಡ್ ಸೌಲಭ್ಯ, ಅಂದರೆ ಕಾರು ಎಲ್ಲಿದೆ ಎಂದು ಫೋನಿನಲ್ಲೇ ನೋಡುವುದು, ದೂರದಿಂದಲೇ ಎಸಿ ಹಾಕುವುದು ಇಂಥವು ಬೇಕೆಂದರೆ ಮೇಲಿನ ವೇರಿಯಂಟೇ ತಗೋಬೇಕಿತ್ತು. ಅದಕ್ಕೆ ಲಕ್ಷದ ಮೇಲೆ ಜಾಸ್ತಿ ಕೊಟ್ಟೆ. ಹೆಂಡತಿಗೆ ಅದು ಇಷ್ಟವಿರಲಿಲ್ಲ. "ಕೈಯಲ್ಲಿ ಫೋನ್ ಇದೆಯಲ್ಲ, ಕಾರಿಗೂ ಯಾಕೆ ಒಂದು ಸಿಮ್?" ಎಂದು ಕೇಳಿದ್ದಳು. ಅವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. 2019ರಲ್ಲಿ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್, ಕಿಯಾ ಸೆಲ್ಟೋಸ್ ಒಂದರ ಹಿಂದೆ ಒಂದು ಬಂದ ಮೇಲೆ ಎಲ್ಲರೂ ಇದರ ಬಗ್ಗೆಯೇ ಮಾತಾಡುತ್ತಿದ್ದರು, ನನಗೂ ಆಸೆಯಾಗಿತ್ತು, ಅಷ್ಟೇ. ನನ್ನ ಕಾರಿನ ಕಂಪನಿಯ ಹೆಸರು ಇಲ್ಲಿ ಬೇಡ.

ಇದು ಕೆಲಸ ಮಾಡುವ ರೀತಿ ಸರಳ. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಬಾಕ್ಸ್ ಇರುತ್ತದೆ. ಅದರಲ್ಲಿ ಜಿಪಿಎಸ್, 4ಜಿ ಮೋಡೆಮ್, ತೆಗೆಯಲು ಬಾರದ ಇ-ಸಿಮ್ ಇರುತ್ತವೆ. ಫೋನ್‌ನಲ್ಲಿ ನೀವು "ಎಸಿ ಆನ್" ಒತ್ತಿದರೆ ಆ ಮಾತು ಮೊದಲು ಕಂಪನಿಯ ಸರ್ವರಿಗೆ ಹೋಗುತ್ತದೆ. ಸರ್ವರ್ ಮಲಗಿರುವ ಬಾಕ್ಸನ್ನು ಎಬ್ಬಿಸುತ್ತದೆ. ಆಮೇಲೆ ಕಾರು ಉತ್ತರ ಕೊಡುತ್ತದೆ. ಅರ್ಧ ನಿಮಿಷವಾದರೂ ಬೇಕು. ಕಾರು ತುಂಬಾ ದಿನ ನಿಂತಿದ್ದರೆ ಬ್ಯಾಟರಿ ಉಳಿಸಲು ಬಾಕ್ಸ್ ಗಾಢ ನಿದ್ದೆಗೆ ಹೋಗುತ್ತದೆ. ಆಗ ನೀವು ಎಷ್ಟು ಕರೆದರೂ ಓಗೊಡುವುದಿಲ್ಲ.

ಮೊದಲ ಆರು ತಿಂಗಳು ನನಗೆ ಬೇಸರವೇ ಜಾಸ್ತಿ. ನಮ್ಮ ಪಾರ್ಕಿಂಗ್ ಎರಡನೇ ಬೇಸ್‌ಮೆಂಟಿನಲ್ಲಿತ್ತು. ಅಲ್ಲಿ ಸಿಗ್ನಲ್ ಇಲ್ಲ. ಬಿಸಿಲಿಗೆ ಹೊರಡುವ ಮೊದಲು ಕಾರು ತಂಪು ಮಾಡಿಟ್ಟು ಇಳಿಯೋಣ ಎಂದರೆ ಪ್ರತಿ ಸಲವೂ "ವಾಹನ ಸಂಪರ್ಕಕ್ಕೆ ಸಿಗುತ್ತಿಲ್ಲ". ಕೊನೆಗೆ ಪಕ್ಕದ ವಿಂಗಿನ ಕುಲಕರ್ಣಿ ಕಾಕಾ ಜೊತೆ ಜಾಗ ಅದಲು ಬದಲು ಮಾಡಿಕೊಂಡೆ. ಅವರಿಗೆ ಬೇಸ್‌ಮೆಂಟಿನ ನೆರಳು ಬೇಕಿತ್ತು, ನನಗೆ ಮೇಲಿನ ಸಿಗ್ನಲ್ ಬೇಕಿತ್ತು. ಫ್ಲ್ಯಾಟಿನಲ್ಲಿ ಇರುವವರು ಕನೆಕ್ಟೆಡ್ ಕಾರು ತಗೊಳ್ಳುವ ಮೊದಲು ನಿಮ್ಮ ಪಾರ್ಕಿಂಗ್ ಜಾಗದಲ್ಲಿ ನಿಂತು ಫೋನಿನ ಸಿಗ್ನಲ್ ನೋಡಿ. ಶೋರೂಮಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಜಾಗ ಬದಲಾದ ಮೇಲೆ ಒಂದು ಅಭ್ಯಾಸ ಬೆಳೆಯಿತು. ರಾತ್ರಿ ಹಾಲಿಗೆ ಹೆಪ್ಪು ಹಾಕಿ, ಗ್ಯಾಸ್ ಆಫ್ ಮಾಡಿ, ಬಾಗಿಲ ಚಿಲಕ ನೋಡಿ, ಕೊನೆಗೆ ಆ್ಯಪ್ ತೆರೆಯುವುದು. ನಾಲ್ಕೂ ಬಾಗಿಲು ಲಾಕ್, ಕಿಟಕಿ ಮುಚ್ಚಿದೆ, ಟೈರಿನ ಗಾಳಿ ಸರಿ ಇದೆ ಎಂದು ನೋಡಿದ ಮೇಲೆ ನಿದ್ದೆ. ಮೊದಲು ಲಾಕ್ ಮಾಡಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಏಳು ಮಹಡಿ ಇಳಿದು ಹೋಗಿದ್ದೂ ಉಂಟು. ಆ ಓಡಾಟ ಪೂರ್ತಿ ನಿಂತಿತು.

ಆದರೆ ಈ ಕಾರು ನಮ್ಮ ಮನೆಯವರಲ್ಲಿ ಒಬ್ಬರಂತೆ ಆಗಿದ್ದು ಬೇರೆ ಕಾರಣಕ್ಕೆ.

ಧಾರವಾಡಕ್ಕೆ ನಮ್ಮಿಂದ ನಾಲ್ಕುನೂರು ಕಿಲೋಮೀಟರಿಗೂ ಜಾಸ್ತಿ. ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆಯುತ್ತಲೇ ಇದೆ. ಎಂಟು ತಾಸು, ಕೆಲವು ಸಲ ಹತ್ತು. ಅಪ್ಪ ಹೋದ ಮೇಲೆ ಅವ್ವ ಒಬ್ಬಳೇ ಇದ್ದಾಳೆ. ನಾವು ಹೊರಟೆವು ಎಂದರೆ ಪ್ರತಿ ತಾಸಿಗೆ ಫೋನ್. "ಎಲ್ಲಿ ಬಂದೀರಿ?" ಗಾಡಿ ಓಡಿಸುವಾಗ ಎತ್ತಿದರೂ ತಪ್ಪು, ಎತ್ತದಿದ್ದರೂ ತಪ್ಪು. ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಕಳಿಸುತ್ತಿದ್ದೆ. ಅದು ಎಂಟು ತಾಸಿಗೆ ತಾನಾಗಿ ನಿಲ್ಲುತ್ತದೆ. ಪ್ರತಿ ಸಲ ನೆನಪಿಟ್ಟು ಆನ್ ಮಾಡಬೇಕು. ಫೋನಿನ ಚಾರ್ಜೂ ಹೀರುತ್ತದೆ.

2022ರ ಯುಗಾದಿಗೆ ಹೋದಾಗ ಅವ್ವನ ಫೋನಿಗೆ ಕಾರಿನ ಆ್ಯಪ್ ಹಾಕಿಕೊಟ್ಟೆ. ಮನೆಯವರನ್ನು ಸೇರಿಸುವ ಸೌಲಭ್ಯ ಅದರಲ್ಲಿತ್ತು. ನಕ್ಷೆಯ ಮೇಲೆ ನಮ್ಮ ಕಾರು ಒಂದು ಚುಕ್ಕೆಯಾಗಿ ಕಾಣುತ್ತದೆ. ಆ್ಯಪ್‌ನಲ್ಲಿ ಕನ್ನಡ ಇಲ್ಲ, ಅವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ ಎರಡು ಪ್ರಯಾಣದಲ್ಲಿ ಅವಳು ರಸ್ತೆಯ ಗೆರೆಯನ್ನೇ ಕಲಿತುಬಿಟ್ಟಳು. ಘಾಟಿಯ ಸೊಟ್ಟ ಗೆರೆ ಬಂದರೆ ಖಂಬಾಟಕಿ. ನೀಲಿ ನದಿ ದಾಟಿದರೆ ಕೃಷ್ಣಾ. ಬೆಳಗಾವಿ ಬಿಟ್ಟ ಮೇಲೆ ಗೆರೆ ನೆಟ್ಟಗೆ ಕೆಳಗಿಳಿಯುತ್ತದೆ.

ಈಗ ಅವಳ ಪದ್ಧತಿ ಹೀಗಿದೆ. ನಾವು ನಿಪ್ಪಾಣಿ ದಾಟಿದರೆ ಎಣ್ಣೆಗಾಯಿಗೆ ಬದನೆಕಾಯಿ ಸೀಳಿಡುತ್ತಾಳೆ. ಬೆಳಗಾವಿ ದಾಟಿದರೆ ಒಲೆ ಹಚ್ಚುತ್ತಾಳೆ. ಚುಕ್ಕೆ ಕಿತ್ತೂರು ದಾಟಿತೋ, ಜೋಳದ ಹಿಟ್ಟು ನಾದಲು ಕೂರುತ್ತಾಳೆ. ನಾವು ಕಾಲು ತೊಳೆದು ಒಳಗೆ ಹೋಗುವಾಗ ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿರುತ್ತದೆ. ಮೊದಲೆಲ್ಲ ಮಧ್ಯಾಹ್ನವೇ ಬಡಿದಿಟ್ಟ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ನಮಗಾಗಿ ಕಾಯುತ್ತಿತ್ತು. ಈ ಒಂದು ಬಿಸಿ ರೊಟ್ಟಿಗೆ ನಾನು ಕೊಟ್ಟ ಲಕ್ಷ ರೂಪಾಯಿ ಜಾಸ್ತಿಯಾಯಿತು ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ದಾರಿಯಲ್ಲಿ ಅವಳ ಫೋನ್ ಬರುವುದು ಹೆಚ್ಚುಕಡಿಮೆ ನಿಂತಿತು. ಬಂದರೂ ಪ್ರಶ್ನೆ ಬೇರೆ. "ಚಹಾಕ್ಕ ನಿಂತೀರೇನು? ಹುಡುಗಿಗೆ ಏನರ ತಿನ್ನಾಕ ಕೊಡು."

ಇಲ್ಲಿಯವರೆಗೆ ಬರೀ ಖುಷಿ. ಈಗ ಕೋಪದ ಮಾತು.

ಒಂದು ಸಲ ಕರಾಡ ದಾಟಿದ ಮೇಲೆ ಕಂಪನಿಯ ಸರ್ವರಿನಲ್ಲಿ ಏನೋ ತೊಂದರೆಯಾಯಿತು. ನಾವು ಓಡುತ್ತಲೇ ಇದ್ದೆವು. ಅವ್ವನ ಫೋನಿನಲ್ಲಿ ಮಾತ್ರ ಚುಕ್ಕೆ ಹೆದ್ದಾರಿಯ ಮಧ್ಯೆ ನಿಂತುಬಿಟ್ಟಿತ್ತು. ಮುಕ್ಕಾಲು ತಾಸು. ನನ್ನ ಫೋನ್ ಸೈಲೆಂಟ್‌ನಲ್ಲಿತ್ತು. ಕೊಲ್ಲಾಪುರದ ಹತ್ತಿರ ನೋಡಿದರೆ ಹನ್ನೊಂದು ಮಿಸ್ಡ್ ಕಾಲ್. ನಾನು ವಾಪಸ್ ಮಾಡಿದಾಗ ಅವಳಿಗೆ ಮಾತೇ ಬರುತ್ತಿರಲಿಲ್ಲ. ಆ್ಯಪ್ ಹಳೆಯ ಜಾಗವನ್ನೇ ಹೊಸದರಂತೆ ತೋರಿಸುತ್ತದೆ. ಯಾವ ಹೊತ್ತಿನ ಮಾಹಿತಿ ಎಂಬುದು ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಇರುತ್ತದೆ. ಚುಕ್ಕೆಯ ಬಣ್ಣವನ್ನು ಬೂದಿ ಮಾಡಿದ್ದರೂ ಸಾಕಿತ್ತು. ನಮ್ಮ ಕಾರ್ಖಾನೆಯಲ್ಲಿ ಅಳತೆಯ ಗೇಜು ಕೆಟ್ಟಿದ್ದರೆ ಮೊದಲು ಕೆಂಪು ಚೀಟಿ ಅಂಟಿಸುತ್ತೇವೆ. ಕೆಟ್ಟ ಗೇಜು ತೋರಿಸುವ ಅಂಕಿಯನ್ನು ನಂಬಿದವನಿಗೆ ನಷ್ಟ. ಇದನ್ನು ಎರಡು ಸಲ ಬರೆದು ಕಳಿಸಿದೆ. "ನಿಮ್ಮ ಸಲಹೆಗೆ ಧನ್ಯವಾದ" ಎಂದು ಬಂತು. ಇವತ್ತಿಗೂ ಬದಲಾಗಿಲ್ಲ.

ಎರಡನೆಯದು ಇನ್ನೂ ಕಹಿ. ಮೂರು ವರ್ಷದ ಉಚಿತ ಅವಧಿ 2024ರ ಅಕ್ಟೋಬರಿನಲ್ಲಿ ಮುಗಿಯಿತು. ಅವತ್ತು ಚುಕ್ಕೆ ಹೋಯಿತು, ಫೋನಿನಿಂದ ಎಸಿ ಹಾಕುವುದೂ ಹೋಯಿತು. ತಲೆಯ ಮೇಲಿರುವ ಎಸ್‌ಒಎಸ್ ಬಟನ್ನಿನ ದೀಪವೂ ಆರಿಹೋಯಿತು. ಎಸಿ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಅಪಘಾತದಲ್ಲಿ ಒತ್ತುವ ಬಟನ್ನಿಗೂ ಬಾಡಿಗೆ ಕಟ್ಟಬೇಕಾ? ಯುರೋಪಿನಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆ ಇ-ಕಾಲ್ ಕಡ್ಡಾಯ. ದೊಡ್ಡ ಅಪಘಾತವಾದರೆ ಕಾರು ತಾನೇ 112ಕ್ಕೆ ಕರೆ ಮಾಡುತ್ತದೆ. ಅದಕ್ಕೆ ಯಾರೂ ವರ್ಷ ವರ್ಷ ದುಡ್ಡು ಕಟ್ಟುವುದಿಲ್ಲ. ನಮ್ಮಲ್ಲೂ ತುರ್ತು ಸಂಖ್ಯೆ 112 ಇದೆ. ಬಸ್ಸು, ಟ್ಯಾಕ್ಸಿಗಳಿಗೆ 2019ರ ಜನವರಿಯಿಂದ ಎಐಎಸ್-140 ನಿಯಮ ಇದೆ, ಟ್ರ್ಯಾಕರ್ ಜೊತೆ ಪ್ಯಾನಿಕ್ ಬಟನ್ ಇರಲೇಬೇಕು. ವಾಹನಗಳ ಈ ಎಐಎಸ್ ಮಾನದಂಡಗಳ ಕೆಲಸ ನೋಡುವ ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆ ನಮ್ಮ ಪುಣೆಯಲ್ಲೇ, ಕೋಥರೂಡಿನ ಗುಡ್ಡದ ಮೇಲಿದೆ. ಸ್ವಂತ ಕಾರಿನವರ ಜೀವಕ್ಕೂ ಇಂಥ ಒಂದು ನಿಯಮ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪುಣೆಯ ಕಾತ್ರಜ ಸುರಂಗದಿಂದ ನವಲೆ ಸೇತುವೆಯವರೆಗಿನ, ಅಪಘಾತಕ್ಕೆ ಹೆಸರಾದ ಇಳಿಜಾರಿಗೆ ಗಾಡಿ ಬಿಟ್ಟವರಿಗೆ ಇದರ ಬೆಲೆ ಗೊತ್ತು.

ಮುಂದುವರಿಸಲು ವರ್ಷಕ್ಕೆ ಮೂರು ಸಾವಿರದ ಹತ್ತಿರ ಕೇಳಿದರು. ನನಗೆ ಬೇಕಿದ್ದದ್ದು ಎರಡೇ, ಚುಕ್ಕೆ ಮತ್ತು ಎಸ್‌ಒಎಸ್. ಅವರ ಪಟ್ಟಿಯಲ್ಲಿ ಮೂವತ್ತಕ್ಕೂ ಜಾಸ್ತಿ ಇತ್ತು, ಬಿಡಿಯಾಗಿ ಕೊಡುವುದಿಲ್ಲ ಎಂದರು. ನಾನು ಕಟ್ಟಲಿಲ್ಲ.

ಬದಲಿಗೆ ನಾವೇ ಒಂದು ದಾರಿ ಹುಡುಕಿದೆವು. ನಮ್ಮ ಫಾಸ್ಟ್ಯಾಗ್ ಹೆಂಡತಿಯ ಬ್ಯಾಂಕ್ ಖಾತೆಯದು, ಎಸ್‌ಎಂಎಸ್ ಅವಳ ಫೋನಿಗೆ ಬರುತ್ತದೆ. ನಾನೊಬ್ಬನೇ ಹೋದಾಗ ಅವಳು ಚಿಂಚವಡದಲ್ಲಿ ಕೂತು ನೋಡುತ್ತಿದ್ದಳು. ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಕೊಗನೊಳ್ಳಿ, ಹತ್ತರಗಿ, ಹಿರೇಬಾಗೇವಾಡಿ. ಒಂದೊಂದು ಟೋಲಿಗೂ ದುಡ್ಡು ಕಡಿತವಾದಾಗ ಅವ್ವನಿಗೆ ವಾಯ್ಸ್ ಮೆಸೇಜ್. "ಅತ್ತಿ, ಕಿಣಿ ದಾಟ್ಯಾರ ನೋಡ್ರಿ." ಗಾಜಿಗೆ ಅಂಟಿಸಿದ ಆ ಚೀಟಿಯಲ್ಲಿ ಬ್ಯಾಟರಿಯೂ ಇಲ್ಲ, ಸಿಮ್ಮೂ ಇಲ್ಲ. ಟೋಲಿನ ಕಂಬದಿಂದ ಬರುವ ರೇಡಿಯೊ ಅಲೆಯ ಶಕ್ತಿಯಿಂದಲೇ ಅದು ತನ್ನ ನಂಬರ್ ಹೇಳುತ್ತದೆ. 2021ರ ಫೆಬ್ರುವರಿಯಿಂದ ಎಲ್ಲರಿಗೂ ಕಡ್ಡಾಯ. ಏಳು ತಿಂಗಳು ಇದೇ ನಮ್ಮ ಕನೆಕ್ಟೆಡ್ ಕಾರು. ಚೆನ್ನಾಗಿಯೇ ನಡೆಯಿತು.

2025ರ ಮೇ ರಜೆಯಲ್ಲಿ ನಡೆಯಲಿಲ್ಲ. ನಾನೊಬ್ಬನೇ ಹೊರಟಿದ್ದೆ. ಖಂಬಾಟಕಿ ಘಾಟಿಯಲ್ಲಿ ಗಾಡಿಗಳು ಮೂರು ತಾಸು ನಿಂತವು. ಚಾರ್ಜರ್ ವೈರ್ ಮನೆಯಲ್ಲೇ ಉಳಿದಿತ್ತು, ಫೋನ್ ಸತ್ತಿತ್ತು. ಖೇಡ್ ಶಿವಾಪುರದ ನಂತರ ಎಸ್‌ಎಂಎಸ್ ಇಲ್ಲ. ಹೆಂಡತಿಗೂ ಗೊತ್ತಿಲ್ಲ, ಅವ್ವನಿಗೂ ಗೊತ್ತಿಲ್ಲ. ಆನೇವಾಡಿ ದಾಟಿದ ಮೇಲೆ ಒಂದು ಹೋಟೆಲಿನವರ ಫೋನಿನಿಂದ ಮನೆಗೆ ಮಾತಾಡಿದೆ. ರಾತ್ರಿ ಹತ್ತೂವರೆಗೆ ಧಾರವಾಡ ಮುಟ್ಟಿದಾಗ ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಏನೂ ಅನ್ನಲಿಲ್ಲ. "ಕೈಕಾಲು ತೊಕ್ಕೋ" ಅಂದಳು ಅಷ್ಟೇ. ಸಂಜೆ ಏಳರಿಂದ ಅಲ್ಲೇ ಕೂತಿದ್ದಳು ಎಂದು ಪಕ್ಕದ ಮನೆಯವರು ಮರುದಿನ ಹೇಳಿದರು. ಕಾರಿಗೂ ಯಾಕೆ ಒಂದು ಸಿಮ್ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ನನ್ನ ಫೋನ್ ಸತ್ತರೂ ಕಾರಿನದ್ದು ಬದುಕಿರುತ್ತದೆ. ಅದೇ ಕಟ್ಟೆಯ ಮೇಲೆ ಕೂತು ದುಡ್ಡು ಕಟ್ಟಿದೆ.

ಕಟ್ಟುವಾಗ ಒಂದು ಒಪ್ಪಿಗೆಯ ಪುಟ ಬಂತು. ಉದ್ದದ ಇಂಗ್ಲಿಷ್. ಕಾರು ಎಲ್ಲಿ ಹೋಯಿತು, ಎಷ್ಟು ವೇಗ, ಎಷ್ಟು ಸಲ ಗಟ್ಟಿ ಬ್ರೇಕು, ಎಲ್ಲ ಅವರ ಹತ್ತಿರ ಇರುತ್ತದೆ. 2023ರಲ್ಲಿ ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾ ಸಂಸ್ಥೆ 25 ಕಾರು ಬ್ರ್ಯಾಂಡ್‌ಗಳನ್ನು ಪರೀಕ್ಷಿಸಿತು. ಖಾಸಗಿತನದ ವಿಷಯದಲ್ಲಿ ಒಂದೂ ಪಾಸಾಗಲಿಲ್ಲ. ಈ ಮಾಹಿತಿಗೆ ಬೆಲೆ ಇದೆ ಎಂಬುದು ಕಂಪನಿಗಳಿಗೆ ಚೆನ್ನಾಗಿ ಗೊತ್ತು. 2030ರ ಹೊತ್ತಿಗೆ ಕಾರಿನ ಡೇಟಾದಿಂದ ಜಗತ್ತಿನಲ್ಲಿ 450ರಿಂದ 750 ಬಿಲಿಯನ್ ಡಾಲರ್‌ವರೆಗೆ ವಹಿವಾಟು ಆಗಬಹುದು ಎಂದು ಸಲಹಾ ಕಂಪನಿ ಮೆಕಿನ್ಸಿ 2016ರಲ್ಲೇ ಲೆಕ್ಕ ಹಾಕಿತ್ತು. ನಮ್ಮಲ್ಲೂ 2022ರ ಜುಲೈನಲ್ಲಿ ವಿಮಾ ನಿಯಂತ್ರಕರಾದ ಐಆರ್‌ಡಿಎಐ, ಓಡಿಸಿದಷ್ಟಕ್ಕೆ ಮತ್ತು ಓಡಿಸುವ ರೀತಿಗೆ ತಕ್ಕಂತೆ ಪ್ರೀಮಿಯಂ ಇಡಲು ಅನುಮತಿ ಕೊಟ್ಟಿತು. ನನ್ನ ಬ್ರೇಕಿನ ಲೆಕ್ಕ ಕೊಟ್ಟು ಪ್ರೀಮಿಯಂ ಕಡಿಮೆಯಾದರೆ ನಾನು ಕೊಡುತ್ತೇನೆ. ಆದರೆ ನನ್ನನ್ನು ಬೇರೆಯಾಗಿ ಕೇಳಲಿ, ನನಗೆ ತಿಳಿಯುವ ಭಾಷೆಯಲ್ಲಿ ಕೇಳಲಿ.

ಕಂಪನಿಗಳ ಕಣ್ಣು ಇರುವುದು ಸ್ಟೀರಿಂಗ್ ಹಿಡಿದವನ ಮೇಲೆ. ಅವನಿಗೆ ಹಾಡು, ಹವಾಮಾನ, ಕ್ರಿಕೆಟ್ ಸ್ಕೋರು ಮಾರುತ್ತಾರೆ. ಅದೆಲ್ಲ ಅವನ ಫೋನಿನಲ್ಲೇ ಇದೆ. ದುಡ್ಡು ಕೊಡಲು ತಯಾರಿರುವವರು ಬೇರೆ ಕಡೆ ಇದ್ದಾರೆ. ಧಾರವಾಡ, ಗದಗ, ವಿಜಯಪುರದ ಕಟ್ಟೆಗಳ ಮೇಲೆ ಕೂತು ಪುಣೆ, ಮುಂಬೈಯಿಂದ ಬರುವವರ ದಾರಿ ಕಾಯುವವರು. ಅವರಿಗೆ ಕನ್ನಡದಲ್ಲಿ ಒಂದು ಚುಕ್ಕೆ, ಅದು ಯಾವ ಹೊತ್ತಿನದು ಎಂಬ ದೊಡ್ಡ ಅಕ್ಷರ, ತಿಂಗಳಿಗೆ ಐವತ್ತು ರೂಪಾಯಿ. ನಮ್ಮ ಬಿಲ್ಡಿಂಗ್‌ನಲ್ಲಿರುವ ಕನ್ನಡದವರ ಐದಾರು ಮನೆಗಳಲ್ಲಿ ಇದನ್ನು ಹೇಳಿದೆ, ಎಲ್ಲರೂ ತಗೊಳ್ಳುತ್ತೇವೆ ಎಂದರು.

ಒಂದು ಚಿಂತೆ ಉಳಿದಿದೆ. ಅಮೆರಿಕದಲ್ಲಿ ಮೊಬೈಲ್ ಕಂಪನಿ ಎಟಿ ಆ್ಯಂಡ್ ಟಿ 2022ರ ಫೆಬ್ರುವರಿಯಲ್ಲಿ 3ಜಿ ನಿಲ್ಲಿಸಿದಾಗ ಎಷ್ಟೋ ಹಳೆಯ ಕಾರುಗಳ ಸಂಪರ್ಕವೇ ಸತ್ತಿತು. ನನ್ನದು 4ಜಿ ಬಾಕ್ಸ್. ನಾನು ಕಾರನ್ನು ಕನಿಷ್ಠ ಹತ್ತು ವರ್ಷ ಇಟ್ಟುಕೊಳ್ಳುವವನು. ಬಾಕ್ಸ್ ಬದಲಿಸಿ ಕೊಡುತ್ತೀರಾ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ನೀವು ಹೊಸ ಕಾರು ತಗೊಳ್ಳುವುದಾದರೆ ಈ ಪ್ರಶ್ನೆ ಕೇಳಿ, ನಾಲ್ಕನೇ ವರ್ಷದ ದರವನ್ನೂ ಬರೆಸಿಕೊಳ್ಳಿ. ಬರೀ ರಿಮೋಟ್ ಎಸಿಗೋಸ್ಕರ ಮೇಲಿನ ವೇರಿಯಂಟ್ ತಗೋಬೇಡಿ. ಊರಲ್ಲಿ ಕಾಯುವವರಿದ್ದರೆ ತಗೊಳ್ಳಿ.

ಹೋದ ವಾರ ರಾತ್ರಿ ಹನ್ನೊಂದಕ್ಕೆ ಕಾರು ತೆಗೆದೆ. ಸಿಗ್ನಲ್‌ನಲ್ಲಿ ನಿಂತಾಗ ಕಾರಿನ ಸ್ಪೀಕರಿನಲ್ಲಿ ಫೋನ್ ಬಾರಿಸಿತು. ಅವ್ವ. ಅವಳೂ ಈಗ ಮಲಗುವ ಮೊದಲು ಚುಕ್ಕೆ ನೋಡುತ್ತಾಳಂತೆ.

"ಇಷ್ಟೊತ್ತಿನಾಗ ಎಲ್ಲಿಗೆ ಹೊಂಟಿ? ಯಾರಿಗೆ ಆರಾಮಿಲ್ಲ?"

ಮಗಳಿಗೆ ಜ್ವರ, ಮೆಡಿಕಲ್‌ಗೆ ಹೊರಟಿದ್ದೇನೆ ಎಂದೆ.

"ಹಣಿ ಮ್ಯಾಲೆ ತಣ್ಣೀರ ಪಟ್ಟಿ ಹಾಕ್ರಿ. ಮನಿ ಮುಟ್ಟೋತನಕ ನಾ ಎದ್ದಿರ್ತೀನಿ," ಎಂದಳು.