ಉಳುಕಿದ ಕಾಲಿಗೆ ಕ್ರೇಪ್ ಬ್ಯಾಂಡೇಜೋ, ಬೈಂಡರೋ, ಲೇಸ್ ಬ್ರೇಸೋ?

ಹರಡು ಉಳುಕಿದರೆ ಮೊದಲ ವಾರ ನಾಲ್ಕು ಇಂಚಿನ ಕ್ರೇಪ್ ಬ್ಯಾಂಡೇಜ್, ಆಮೇಲೆ ಲೇಸ್ ಕಟ್ಟುವ ಬ್ರೇಸ್. ಕಾಲುಚೀಲದಂತೆ ತೂರಿಸಿಕೊಳ್ಳುವ ಬೈಂಡರ್‌ಗೆ ಕೊಟ್ಟ ದುಡ್ಡು ದಂಡ. ತುಮಕೂರಿನ ಮೆಡಿಕಲ್ ಸ್ಟೋರ್‌ಗೆ ಕುಂಟುತ್ತಾ ಹೋದವರ ಕೈಗೆ ಮೊದಲು ಬರುವುದು ಮಾತ್ರ ಅದೇ.

ಬೈಂಡರ್‌ನ ತಕರಾರು ಅಳತೆಯದ್ದು. ಅಂಗಡಿಯಲ್ಲಿ ಚಪ್ಪಲಿ ನಂಬರ್ ಕೇಳಿ, 'ಎಂಟಾ? ಹಾಗಾದ್ರೆ ಲಾರ್ಜ್ ತಗೊಳ್ಳಿ' ಎಂದು ಕೊಟ್ಟುಬಿಡುತ್ತಾರೆ. ಡಬ್ಬದ ಹಿಂದೆ ಸಾಮಾನ್ಯವಾಗಿ ಅಚ್ಚಾಗಿರುವುದು ಹರಡಿನ ಸುತ್ತಳತೆ, ಅದೂ ಸೆಂಟಿಮೀಟರ್‌ನಲ್ಲಿ. ಟೇಪ್ ಹಿಡಿದು ಅಳೆದರೂ ಪಾರಾಗುವುದಿಲ್ಲ. ಉಳುಕಿದ ಸಂಜೆ ಸಿಗುವುದು ಊತದ ಅಳತೆ, ಕಾಲಿನದ್ದಲ್ಲ. ವಾರದಲ್ಲಿ ಊತ ಇಳಿಯಿತೆಂದರೆ ಬೈಂಡರ್ ಜಾರಿ ಪಾದದ ಮೇಲೆ ಮುದುಡಿ ಕೂರುತ್ತದೆ.

ಚೆನ್ನಾಗಿರುವ ಕಾಲನ್ನು ಅಳೆದು ತಂದರೆ ಇನ್ನೊಂದು ಪಜೀತಿ. ಊದಿದ ಕಾಲಿಗೆ ಅದು ಹತ್ತುವುದಿಲ್ಲ. ಬಲವಂತವಾಗಿ ಎಳೆಯುವಾಗ ಪಾದ ಕೆಳಕ್ಕೂ ಒಳಕ್ಕೂ ತಿರುಗುತ್ತದೆ. ಹರಡಿನ ಹೊರಗಿನ ಗೆಣ್ಣಿನ ಮುಂದಿರುವ ಅಸ್ಥಿರಜ್ಜು (ಮೂಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಪಟ್ಟಿ) ಮೊದಲು ಹರಿದದ್ದೂ ಸಾಮಾನ್ಯವಾಗಿ ಇದೇ ತಿರುವಿನಲ್ಲಿ. ಹಿಮ್ಮಡಿ ತೆರೆದ ಮಾದರಿಯಲ್ಲಿ ಊತ ಆ ತೂತಿನಿಂದ ಉಬ್ಬಿ ಹೊರಗೆ ಬರುತ್ತದೆ. ಸರಿಯಾಗಿ ಕೂತರೂ ಮೆತ್ತನೆ ಬಟ್ಟೆ ಕಾಲು ಹೊರಳುವುದನ್ನು ತಡೆಯಲಾರದು, ಬೆಚ್ಚಗಿರುತ್ತದೆ, ಅಷ್ಟೇ.

ಕ್ರೇಪ್ ಬ್ಯಾಂಡೇಜ್ ಆಯಾ ದಿನದ ಊತಕ್ಕೆ ಒಗ್ಗಿಕೊಳ್ಳುತ್ತದೆ. ಪಾದವನ್ನು ಕಾಲಿಗೆ 90 ಡಿಗ್ರಿಯಲ್ಲಿ ಇಟ್ಟು, ಬೆರಳುಗಳ ಬುಡದಲ್ಲಿ ಎರಡು ಸುತ್ತು ಹಾಕಿ, ಆಮೇಲೆ ಹರಡಿನ ಮೇಲೆ 8ರ ಆಕಾರದಲ್ಲಿ ಸುತ್ತಬೇಕು. ಪಾದದಡಿಯಲ್ಲಿ ಪಟ್ಟಿ ಒಳಗಿನಿಂದ ಹೊರಕ್ಕೆ ಹೋಗಿ ಮೇಲೇರಬೇಕು. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಬೇಕು. ಹಿಮ್ಮಡಿ ಬಿಡಬಾರದು. ಮೇಲೆ ಹೋದಂತೆ ಬಿಗಿ ಕಡಿಮೆ ಮಾಡಿ. ಹೆಬ್ಬೆರಳ ಉಗುರು ಒತ್ತಿ ಬಿಟ್ಟರೆ 2 ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ತಡವಾದರೆ, ಬೆರಳು ಜೋಮು ಹಿಡಿದರೆ ಬಿಚ್ಚಿ ಮತ್ತೆ ಸುತ್ತಿ. ರಾತ್ರಿ ಬಿಚ್ಚಿಡಿ. ಜೊತೆಗೆ ಬರುವ ತಗಡಿನ ಪಿನ್ನು ಎಲ್ಲೋ ಬಿದ್ದು ಯಾರದೋ ಕಾಲಿಗೆ ಚುಚ್ಚುತ್ತದೆ. ಅಂಟುವ ಪ್ಲಾಸ್ಟರ್ ಮೇಲು.

ಐಸ್ ಅನ್ನು ಟವೆಲ್‌ನಲ್ಲಿ ಸುತ್ತಿ 15 ನಿಮಿಷ ಇಟ್ಟರೆ ನೋವು ಕುಗ್ಗುತ್ತದೆ. ಮೊದಲ ಮೂರು ದಿನ ಎಣ್ಣೆ ಹಚ್ಚಿ ನೀವಿಸಬೇಡಿ, ಮನೆಯ ಹಿರಿಯರು ಎಷ್ಟೇ ಹೇಳಲಿ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಗೆಣ್ಣಿನ ಮೂಳೆಯ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದರೆ ನೋವಾದರೆ ಮೊದಲು ಎಕ್ಸ್‌ರೇ, ಆಮೇಲೆ ಅಂಗಡಿ.

ಲೇಸ್ ಬ್ರೇಸ್ ಕಾಟನ್ ಕಾಲುಚೀಲದ ಮೇಲೆ ಹಾಕುವಂಥದ್ದು. ಹಿಮ್ಮಡಿಯನ್ನು ಪೂರ್ತಿ ಹಿಂದಕ್ಕೆ ಕೂರಿಸಿ, ಲೇಸನ್ನು ಕೆಳಗಿನಿಂದ ಬಿಗಿಯುತ್ತಾ ಬಂದು, ಕೊನೆಗೆ ಅಕ್ಕಪಕ್ಕದ ಪಟ್ಟಿಗಳನ್ನು ಅಡ್ಡ ಎಳೆದು ಅಂಟಿಸಬೇಕು. ಕಾಲು ಹೊರಳುವುದನ್ನು ನಿಜಕ್ಕೂ ತಡೆಯುವುದು ಈ ಪಟ್ಟಿಗಳೇ. ಶೂ ಇಲ್ಲದೆ ಇದು ಉಪಯೋಗವಿಲ್ಲ, ಶೂ ಒಳಗಿನ ಅಟ್ಟೆಯನ್ನೂ ತೆಗೆಯಬೇಕಾಗಬಹುದು. ಬೆಲೆ ಕ್ರೇಪ್‌ನ ಮೂರ್ನಾಲ್ಕು ಪಟ್ಟು.

ಸಂಜೆ ಶಟಲ್, ಭಾನುವಾರ ದೇವರಾಯನದುರ್ಗ ಎನ್ನುವ ನನ್ನಂಥವರಿಗೆ ಆ ದುಡ್ಡು ಹೆಚ್ಚಲ್ಲ. ಬೆಟ್ಟ ಹತ್ತುವಾಗಲ್ಲ, ಸುಸ್ತಾಗಿ ಇಳಿಯುವಾಗ ಕಾಲು ಹೊರಳುತ್ತದೆ. ಬ್ರೇಸ್ ಬೇಕಾಗುವುದು ಆಗಲೇ. ದಿನವಿಡೀ ಚಪ್ಪಲಿಯಲ್ಲೇ ಓಡಾಡುವವರು ಎರಡು ಕ್ರೇಪ್ ಕೊಂಡು, ಒಂದು ಒಗೆದಾಗ ಇನ್ನೊಂದು ಸುತ್ತಲಿ. ನೋವು ಇಳಿದ ಮೇಲೆ ಹಲ್ಲುಜ್ಜುವಾಗ ಆ ಕಾಲಿನ ಮೇಲೇ 30 ಸೆಕೆಂಡ್ ನಿಲ್ಲಿ, ಮೊದಮೊದಲು ಗೋಡೆಗೆ ಒಂದು ಕೈ ಕೊಟ್ಟು.