ಮುರಿದ ಸ್ಟಡ್ ತೆಗೆಯೋಕೆ ಈಸಿ ಔಟಾ, ವೆಲ್ಡಿಂಗಾ?

ಮೊದಲೇ ಹೇಳಿಬಿಡುತ್ತೇನೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅಂದರೆ ಇಂಜಿನ್ ಹೊಗೆಯನ್ನು ಸೈಲೆನ್ಸರ್‌ಗೆ ಸಾಗಿಸುವ ಕೊಳವೆ. ಅದನ್ನು ಹೆಡ್‌ಗೆ (ಸಿಲಿಂಡರ್ ಮೇಲಿನ ಮುಚ್ಚಳಕ್ಕೆ) ಹಿಡಿದಿಡುವ, ತಲೆಯಿಲ್ಲದ ಬೋಲ್ಟೇ ಸ್ಟಡ್. ಅದು ಹೆಡ್‌ನಲ್ಲಿ ಮುರಿದುಕೊಂಡರೆ ನನ್ನ ಓಟು ವೆಲ್ಡಿಂಗ್‌ಗೆ. ಮುರಿದ ತುಂಡಿನ ಮೇಲೆ ಒಂದು ನಟ್ ಇಟ್ಟು, ನಟ್‌ನ ತೂತಿಗೆ ವೆಲ್ಡ್ ತುಂಬಿ, ಸ್ಪ್ಯಾನರ್ ಹಾಕಿ ತಿರುಗಿಸುವುದು. ಅಷ್ಟೇ. ಈಸಿ ಔಟ್ ಅಂದರೆ ಮುರಿದ ತುಂಡಿಗೆ ತೂತು ಕೊರೆದು, ಅದರೊಳಗೆ ಕಚ್ಚಿಸಿ ತಿರುಗಿಸಿ ತೆಗೆಯುವ ಸಾಧನ. ಅದಕ್ಕೆ 'ಈಸಿ' ಅಂತ ಹೆಸರಿಟ್ಟವನು ಯಾರೋ ಏನೋ, ಒಂದು ಸಲ ನಮ್ಮ ಟ್ರಾಕ್ಟರ್ ಮುಂದೆ ತಂದು ನಿಲ್ಲಿಸಬೇಕಿತ್ತು ಅವನನ್ನ.

ನಮ್ಮದು ಮಂಡ್ಯ ತಾಲ್ಲೂಕು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲು. ಮೂರು ಸಿಲಿಂಡರಿನ ಹಳೇ ಟ್ರಾಕ್ಟರ್. ಕಬ್ಬಿನ ಲೋಡ್ ಎಳೆದುಕೊಂಡು ಗದ್ದೆಯಿಂದ ನಾಲೆ ಏರಿ ಹತ್ತುವಾಗ ಇಂಜಿನ್ ಮಗ್ಗುಲಲ್ಲಿ ಟಪ್ ಟಪ್ ಅಂತ ಸದ್ದು ಶುರುವಾಯಿತು. ವಾಲ್ವ್ ಒತ್ತುವ ಟ್ಯಾಪೆಟ್ ಸದ್ದಿರಬೇಕು ಅಂದುಕೊಂಡು ಎರಡು ದಿನ ಹಾಗೇ ಓಡಿಸಿದೆ. ಮೂರನೇ ದಿನ ಬಗ್ಗಿ ನೋಡಿದರೆ ಮ್ಯಾನಿಫೋಲ್ಡ್ ಸಂದಿಯಿಂದ ಹೊಗೆ, ಹೆಡ್ ಮೇಲೆಲ್ಲ ಮಸಿ. ಸಂದಿ ಮುಚ್ಚುವ ಗ್ಯಾಸ್ಕೆಟ್ ಸುಟ್ಟಿತ್ತು.

ಟ್ರಾಕ್ಟರ್‌ನಲ್ಲಿ ಈ ತೊಂದರೆ ಬರೋದಕ್ಕೆ ಕಾರಣ ಇದೆ. ನೆಟ್ಟಗೆ ನಿಂತ ಸೈಲೆನ್ಸರ್‌ನ ಭಾರ ಮ್ಯಾನಿಫೋಲ್ಡ್ ಮೇಲೆ. ಬದು ಹತ್ತಿ ಇಳಿಯುವಾಗ ಅದು ತೂಗಾಡಿದ್ದೆಲ್ಲ ಸ್ಟಡ್‌ಗಳೇ ತಡೆಯಬೇಕು. ಜೊತೆಗೆ ಮ್ಯಾನಿಫೋಲ್ಡ್ ಕಾದಾಗ ಉದ್ದಕ್ಕೆ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಹೆಡ್ ಒಳಗೆ ನೀರು ಓಡಾಡುತ್ತಿರುವುದರಿಂದ ಅದು ಅಷ್ಟು ಹಿಗ್ಗಲ್ಲ. ಈ ಎಳೆದಾಟದಲ್ಲಿ ಎರಡು ತುದಿಯ ಸ್ಟಡ್‌ಗಳಿಗೇ ಜಾಸ್ತಿ ಪೆಟ್ಟು. ಅದರ ಮೇಲೆ ತುಕ್ಕು. ಬಯಲಲ್ಲೇ ನಿಲ್ಲಿಸುವ ಗಾಡಿ, ಮಳೆಗಾಲದಲ್ಲಿ ಸೈಲೆನ್ಸರ್ ಬಾಯಿಗೆ ಡಬ್ಬ ಕವುಚೋದು ಮರೆತರೆ ನೀರು ನೇರ ಒಳಗೇ.

ಗ್ಯಾಸ್ಕೆಟ್ ಬದಲಿಸೋಕೆ ಮ್ಯಾನಿಫೋಲ್ಡ್ ಬಿಚ್ಚಲು ಹೊರಟೆ. ಒಟ್ಟು ಆರು ಸ್ಟಡ್, ಎಲ್ಲ 10 ಎಂ.ಎಂ. ಎರಡರ ನಟ್ ಮರ್ಯಾದೆಯಿಂದ ಬಿಚ್ಚಿಕೊಂಡವು. ನಾಲ್ಕು ಸ್ಟಡ್ ಕಟ್ಟಾದವು. ಅದರಲ್ಲಿ ಎರಡು ಬೆರಳಗಲ ಹೊರಗೆ ಉಳಿದಿದ್ದವು. ಒಂದು ಹೆಡ್ ಮಟ್ಟಕ್ಕೆ ಸಮ. ಇನ್ನೊಂದು ಒಳಗೇ ಮುರಿದಿತ್ತು, ಒಂದೆರಡು ಎಂ.ಎಂ. ಆಳದಲ್ಲಿ. ಹೀಗಾಗಿ ಬೇಡ ಅಂದರೂ ಎಲ್ಲ ದಾರಿಯನ್ನೂ ಒಂದೇ ಹೆಡ್ ಮೇಲೆ ಪರೀಕ್ಷೆ ಮಾಡುವ ಯೋಗ ಬಂತು.

ಎಣ್ಣೆ ಮತ್ತು ಬಿಸಿ: ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯೆಲ್ಲ ಬಿಟ್ಟೆ. ಬೆಳಗ್ಗೆ ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿ, ಬುಡಕ್ಕೆ ಮೇಣದ ಬತ್ತಿ ಒತ್ತಿದೆ. ಕರಗಿದ ಮೇಣ ಥ್ರೆಡ್ ಸಂದಿಗೆ ಇಳಿಯುತ್ತದೆ, ಒಳ್ಳೇ ಉಪಾಯವೇ. ಆಮೇಲೆ ಹೊರಗಿದ್ದ ಒಂದು ತುಂಡಿಗೆ ವೈಸ್ ಗ್ರಿಪ್ (ಕಚ್ಚಿ ಲಾಕ್ ಆಗುವ ಇಕ್ಕಳ) ಕಚ್ಚಿಸಿ ತಿರುಗಿಸಿದೆ. ಸ್ಟಡ್ ತಿರುಗಲಿಲ್ಲ, ಹಲ್ಲು ಜಾರಿ ಅದರ ಮೈಯೆಲ್ಲ ತರಚಿತು. ಹೊಸ ಗಾಡಿಯಾದರೆ ಇಷ್ಟರಲ್ಲೇ ಬರಬಹುದು.

ಈಗ ಈಸಿ ಔಟ್ ಕಥೆ.

ಕಬ್ಬಿಗೆ ಕಟಿಂಗ್ ಆರ್ಡರ್ ಬಂದಿತ್ತು. ಆಳುಗಳು ಕಡಿದು ಹಾಕಿದ್ದರು. ಕಡಿದ ಕಬ್ಬು ಬಿಸಿಲಲ್ಲಿ ಒಂದೊಂದು ದಿನ ಬಿದ್ದಷ್ಟೂ ತೂಕ ಕಳಕೊಳ್ಳುತ್ತೆ, ಗೊತ್ತಲ್ವಾ. ತಲೆ ಬಿಸಿಯಾಗಿತ್ತು. ನಮ್ಮ ಭಾವ ಬಂದವರು ಡಬ್ಬಿಯಲ್ಲಿದ್ದ ಈಸಿ ಔಟ್ ಸೆಟ್ ನೋಡಿ, "ಹೆಸ್ರಲ್ಲೇ ಈಸಿ ಅಂತದೆ, ಹಾಕ್ ನೋಡ್ಲಾ" ಅಂದರು. ಐದು ಪೀಸಿನ ಸೆಟ್, ಮಂಡ್ಯದಲ್ಲಿ 350 ರೂಪಾಯಿಗೆ ತಂದಿದ್ದೆ. ಒಂದು ಸಲವೂ ಬಳಸಿರಲಿಲ್ಲ.

ಒಳಗೆ ಮುರಿದಿದ್ದ ಸ್ಟಡ್‌ಗೇ ಕೈ ಹಾಕಿದೆ. ಬೇರೆ ಯಾವುದಕ್ಕಾದರೂ ಹಾಕಿದ್ದರೆ ಇಷ್ಟು ರಂಪ ಆಗುತ್ತಿರಲಿಲ್ಲ. ಸ್ಟಡ್ ಮುರಿದ ಜಾಗ ಸಪಾಟಾಗಿರಲಿಲ್ಲ, ಒಂದು ಕಡೆ ಇಳಿಜಾರು. ಸೆಂಟರ್ ಪಂಚ್ ಹೊಡೆದಾಗಲೇ ತುದಿ ಜಾರಿತು. ಸರಿ, ಹೆಚ್ಚುಕಮ್ಮಿ ನಡುವೇ ಇದೆ ಅಂತ ಕೈ ಡ್ರಿಲ್ ಇಟ್ಟೆ. ಹೆಚ್ಚುಕಮ್ಮಿಯಲ್ಲಿ ಹೆಚ್ಚೂ ಇತ್ತು, ಕಮ್ಮಿಯೂ ಇತ್ತು. ತೂತು ಮುಗಿದಾಗ ನೋಡಿದರೆ ಒಂದು ಪಕ್ಕದಲ್ಲಿ ಸ್ಟಡ್‌ನ ಗೋಡೆ ಕಾಗದದಷ್ಟು ತೆಳ್ಳಗೆ, ಇನ್ನೊಂದು ಪಕ್ಕ ದಪ್ಪ.

ಈಸಿ ಔಟ್ ಸುರುಳಿ ಸುರುಳಿಯಾಗಿ, ತುದಿಗೆ ಸಣ್ಣ, ಬುಡಕ್ಕೆ ದಪ್ಪ ಇರುತ್ತದೆ. ಎಡಕ್ಕೆ ತಿರುಗಿಸಿದಂತೆ ಅದು ಒಳಕ್ಕೆ ಕಚ್ಚಿಕೊಂಡು ಹೋಗುತ್ತದೆ. ಕಚ್ಚಿಕೊಂಡಷ್ಟೂ ಬೆಣೆ ಹೊಡೆದ ಹಾಗೆ ಸ್ಟಡ್‌ನ ಗೋಡೆಯನ್ನು ಹೊರಕ್ಕೆ ಒತ್ತುತ್ತದೆ. ಅಂದರೆ ಮೊದಲೇ ತುಕ್ಕಿನಲ್ಲಿ ಹಿಡಿದುಕೊಂಡಿರುವ ಸ್ಟಡ್ ಇನ್ನೂ ಬಿಗಿಯಾಗುತ್ತದೆ. ಈ ಸಂಗತಿ ನನಗೆ ಹೊಳೆದದ್ದು ಆಮೇಲೆ. ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಸಾಧನ) ಹಿಡಿಯುವ ಹ್ಯಾಂಡಲ್ ಹಾಕಿ ತಿರುಗಿಸಿದೆ. ಸ್ವಲ್ಪ ತಿರುಗಿದ ಹಾಗಾಯಿತು. ಭಾವ "ಬತ್ತಾ ಅದೆ, ಬತ್ತಾ ಅದೆ" ಅಂದರು. ಬರುತ್ತಿದ್ದುದು ಸ್ಟಡ್ ಅಲ್ಲ, ಈಸಿ ಔಟೇ ಮುರುಚಿಕೊಳ್ಳುತ್ತಿತ್ತು. ಟಣ್ ಅಂತ ಒಂದು ಸದ್ದು. ಹ್ಯಾಂಡಲ್ ಕೈಗೆ ಬಂತು, ತುದಿ ಒಳಗೆ ಉಳಿಯಿತು.

ಮುರಿದ ಸ್ಟಡ್ ಆದರೆ ಕಬ್ಬಿಣ, ಡ್ರಿಲ್ ಮಾಡಬಹುದು. ಮುರಿದ ಈಸಿ ಔಟ್ ಹದ ಹಾಕಿದ ಗಟ್ಟಿ ಉಕ್ಕು. ಸಾಮಾನ್ಯ ಎಚ್.ಎಸ್.ಎಸ್. ಡ್ರಿಲ್ ಬಿಟ್ ಅದರ ಮೇಲೆ ಕೂತು ಉಜ್ಜಿ ಉಜ್ಜಿ ಹೊಳಪು ಕೊಡುತ್ತದೆಯೇ ಹೊರತು ಒಂದು ಚೂರೂ ಕೊರೆಯಲ್ಲ. ಎರಡು ಬಿಟ್ ಹಾಳು ಮಾಡಿದ ಮೇಲೆ ಪಂಚ್ ಇಟ್ಟು ಒಡೆಯಲು ನೋಡಿದೆ. ಗಟ್ಟಿ ಉಕ್ಕು ಪಿಂಗಾಣಿ ತರ ಒಡೆಯುತ್ತೆ ಅಂತ ಕೇಳಿದ್ದೆ. ಒಂದು ಚಕ್ಕೆ ಹಾರಿತು ನಿಜ, ಉಳಿದದ್ದು ಅಲ್ಲೇ ಕೂತಿತ್ತು. ಹೆಡ್ ಬೀಡು ಕಬ್ಬಿಣದ್ದು, ಜೋರಾಗಿ ಹೊಡೆದರೆ ಅದೇ ಬಿರುಕು ಬಿಡಬಹುದು ಅಂತ ಭಯವಾಗಿ ಸುತ್ತಿಗೆ ಕೆಳಗಿಟ್ಟೆ.

ಸಂಜೆ ಮಂಡ್ಯದ ಲೇತ್ ಅಂಗಡಿಯ ಅಣ್ಣನಿಗೆ ಫೋನ್ ಮಾಡಿದೆ. ಕಥೆಯೆಲ್ಲ ಕೇಳಿ ಅವರು ಅಂದಿದ್ದು ಇಷ್ಟು: "ಅದ್ನ ಯಾಕಣ್ಣ ಹಾಕುದ್ರಿ? ಮನೇಲೇ ವೆಲ್ಡಿಂಗ್ ಮಿಷನ್ ಮಡೀಕಂಡು! ಉಳ್ದವುಕ್ಕೆ ನಟ್ ಇಟ್ಟು ವೆಲ್ಡ್ ಹೊಡೀರಿ. ಆ ಒಂದುಕ್ಕೆ ಮಾತ್ರ ಹೆಡ್ ಬಿಚ್ಚಲೇಬೇಕು."

ವೆಲ್ಡಿಂಗ್: ಕೇಜ್ ವೀಲ್ (ಕೆಸರು ಗದ್ದೆಗೆ ಹಾಕುವ ಕಬ್ಬಿಣದ ಚಕ್ರ) ಪಟ್ಟಿ ಕಿತ್ತಾಗ ಹಾಕಿಕೊಳ್ಳೋಕೆ ಅಂತ ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಇಟ್ಟುಕೊಂಡಿದ್ದೇನೆ. ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್ ಮತ್ತು ಡೈನಮೋ ವೈರ್ ಬಿಚ್ಚಿಟ್ಟೆ. ಅರ್ತ್ ಕ್ಲಿಪ್ಪನ್ನು ಚಾಸಿಗೆ ಹಾಕದೆ ಹೆಡ್‌ಗೇ ಕಚ್ಚಿಸಿದೆ. ಡೀಸೆಲ್ ಪೈಪ್, ಫಿಲ್ಟರ್ ಮೇಲೆ ಒದ್ದೆ ಗೋಣಿಚೀಲ. ಪಕ್ಕದಲ್ಲಿ ಒಂದು ಬಕೆಟ್ ಮರಳು.

ಹೊರಗೆ ಉಳಿದಿದ್ದ ತುಂಡಿಗೆ ನಟ್ ತೂರಿಸಿ, 2.5 ಎಂ.ಎಂ. ರಾಡ್, 90 ಆಂಪ್ ಆಸುಪಾಸಿನಲ್ಲಿ ತೂತು ತುಂಬಿದೆ. ನಟ್ ಬೆಳ್ಳಗೆ ಹೊಳೆಯುವ ಸತುವಿನ ಲೇಪದ್ದು ಬೇಡ. ಅದರ ಹೊಗೆ ಕುಡಿದರೆ ಜ್ವರ ಬರುತ್ತೆ, ವೆಲ್ಡೂ ಸರಿಯಾಗಿ ಹಿಡಿಯಲ್ಲ. ಕಪ್ಪು ನಟ್ ತಗೊಳ್ಳಿ. ಕೆಂಪು ಹೋಗುವವರೆಗೆ ಕಾದು, ಸ್ಪ್ಯಾನರ್ ಹಾಕಿದೆ. ನಟ್ ಕಿತ್ತು ಬಂತು. ಒಳಗೆ ನೋಡಿದರೆ ಬರೀ ಸ್ಲ್ಯಾಗ್, ಅಂದರೆ ರಾಡ್ ಲೇಪ ಕರಗಿ ಕಟ್ಟುವ ಕಿಟ್ಟ. ರಾಡ್ ವೆಲ್ಡಿಂಗ್‌ನ ತಲೆನೋವು ಇದೇ, ಸಣ್ಣ ತೂತಿನಲ್ಲಿ ಸ್ಲ್ಯಾಗ್ ಹೊರಗೆ ಬರೋಕೆ ದಾರಿ ಇರಲ್ಲ. ಸಿಒಟು ವೆಲ್ಡಿಂಗ್ (ರಾಡ್ ಬದಲು ತಂತಿ, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಇದ್ದರೆ ಈ ರಗಳೆ ಇಲ್ಲ. ಎರಡನೇ ನಟ್ಟೂ ಹೋಯಿತು. ಮೂರನೇ ಸಲ ಮೊದಲು ತುಂಡಿನ ತಲೆಯ ಮೇಲೇ ಒಂದು ಗುಬಟು ಕಟ್ಟಿ, ಸ್ಲ್ಯಾಗ್ ಕುಟ್ಟಿ ತೆಗೆದು, ಆಮೇಲೆ ಸ್ವಲ್ಪ ದೊಡ್ಡ ನಟ್ ಇಟ್ಟು ಸುತ್ತ ಹಿಡಿಸಿದೆ.

ಸ್ಪ್ಯಾನರ್ ಹಾಕಿ ಮೊದಲು ಟೈಟ್ ಕಡೆಗೆ ಒಂದು ಕೂದಲೆಳೆ ತಿರುಗಿಸಿದೆ, ಆಮೇಲೆ ಲೂಸ್ ಕಡೆಗೆ. ಕಿರ್ ಅಂತು. ಹಿಂದೆ ಮುಂದೆ, ಹಿಂದೆ ಮುಂದೆ. ನಡುವೆ ಎರಡು ಹನಿ ಎಣ್ಣೆ. ಹತ್ತು ನಿಮಿಷದಲ್ಲಿ ಸ್ಟಡ್ ಕೈಯಲ್ಲಿತ್ತು. ಕೂತಲ್ಲೇ ನಕ್ಕೆ.

ಇಲ್ಲಿ ಕೆಲಸ ಮಾಡುವುದು ನಟ್‌ಗಿಂತ ಬಿಸಿ. ಟಾರ್ಚ್‌ನಲ್ಲಿ ಕಾಯಿಸಿದರೆ ಹೆಡ್ಡೂ ಜೊತೆಗೇ ಕಾಯುತ್ತದೆ. ವೆಲ್ಡ್ ಮಾಡಿದರೆ ಸ್ಟಡ್‌ನ ಹೊಟ್ಟೆಯೊಳಗೇ ಬಿಸಿ. ಅದು ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣಗಿನ ಹೆಡ್ ಬಿಡಲ್ಲ. ಆರಿದಾಗ ಸ್ಟಡ್ ಮೊದಲಿಗಿಂತ ಒಂದು ಚೂರು ಕುಗ್ಗಿರುತ್ತದೆ, ತುಕ್ಕಿನ ಹಿಡಿತ ಬಿರುಕು ಬಿಟ್ಟಿರುತ್ತದೆ. ಅದಕ್ಕೇ ನಟ್ ಎರಡು ಸಲ ಕಿತ್ತು ಬಂದರೂ ಬೇಜಾರು ಪಡಬಾರದು. ಸೋತ ಸಲವೂ ಬಿಸಿ ಕೊಟ್ಟ ಲೆಕ್ಕವೇ. ಈಸಿ ಔಟ್ ಒಂದು ಸಲ ಸೋತರೆ ಹೆಡ್ಡೇ ಮೇಲೆದ್ದು ಬರಬೇಕು.

ವೈಸ್ ಗ್ರಿಪ್‌ನಲ್ಲಿ ತರಚಿದ್ದ ಎರಡನೇ ತುಂಡು ಮೊದಲ ಸಲಕ್ಕೇ ಬಂತು. ಹೆಡ್ ಮಟ್ಟಕ್ಕೆ ಸಮ ಇದ್ದ ಸ್ಟಡ್‌ಗೆ ಮಾತ್ರ ನಾನು ವೆಲ್ಡ್ ಮುಟ್ಟಿಸಲಿಲ್ಲ. ರಾಡ್ ಸ್ವಲ್ಪ ಆಚೆ ಹೋದರೆ ಬೀಡು ಕಬ್ಬಿಣಕ್ಕೂ ಹಿಡಿದುಕೊಳ್ಳುತ್ತದೆ, ಹಿಡಿದ ಜಾಗ ಗಾಜಿನಷ್ಟು ಗಟ್ಟಿಯಾಗುತ್ತದೆ. ಕೈ ಪಳಗಿದವರು ವಾಷರ್ ಇಟ್ಟು ಅದರ ತೂತಿನಲ್ಲಿ ವೆಲ್ಡ್ ಮಾಡಿ, ವಾಷರ್ ಮೇಲೆ ನಟ್ ಹಿಡಿಸುತ್ತಾರೆ. ನನ್ನ ಕೈ ಕೇಜ್ ವೀಲ್‌ಗೆ ಪಳಗಿದ್ದು.

ಸ್ಪಾರ್ಕ್ ಮೆಷಿನ್: ಹೆಡ್ ಬಿಚ್ಚಿ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಗೆ ತಗೊಂಡು ಹೋದೆ. ಎಣ್ಣೆಯಲ್ಲಿ ಮುಳುಗಿಸಿ, ತಾಮ್ರದ ಕಡ್ಡಿಯಿಂದ ಕಿಡಿ ಹಾರಿಸಿ ಲೋಹವನ್ನು ಪುಡಿ ಪುಡಿ ಮಾಡಿ ತೆಗೆಯುತ್ತಾರೆ. ಕರೆಂಟು ಹರಿಯುವ ಲೋಹವಾದರೆ ಸಾಕು, ಎಷ್ಟೇ ಗಟ್ಟಿಯಿದ್ದರೂ ಲೆಕ್ಕಕ್ಕಿಲ್ಲ. ಮಧ್ಯಾಹ್ನ ಇಟ್ಟಿದ್ದು ಸಂಜೆಗೆ ಆಯಿತು. ಕೆಲಸ ಅಚ್ಚುಕಟ್ಟು, ಟ್ಯಾಪ್ ಓಡಿಸಿದರೆ ಹಳೇ ಥ್ರೆಡ್ಡೇ ಸಿಕ್ಕಿತು. 1,500 ರೂಪಾಯಿ ತಗೊಂಡರು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೆಡ್ ಗ್ಯಾಸ್ಕೆಟ್, ಕೂಲೆಂಟ್, ಟ್ಯಾಪೆಟ್ ಸೆಟ್ಟಿಂಗ್, ಓಡಾಟ, ಪಕ್ಕದವರ ಟ್ರಾಕ್ಟರ್ ಬಾಡಿಗೆಗೆ ಹಿಡಿದು ಸಾಗಿಸಿದ ಕಬ್ಬು ಎಲ್ಲ ಸೇರಿ ಆ ಒಂದು ಸ್ಟಡ್ ನನಗೆ ಒಂಬತ್ತು ಸಾವಿರ ದಾಟಿತು. 350 ರೂಪಾಯಿಯ ಈಸಿ ಔಟ್!

ಎಡಗೈ ಡ್ರಿಲ್ ಬಿಟ್: ಇದು ನನಗೆ ಹೊಸದು. ಸಾಮಾನ್ಯ ಬಿಟ್‌ಗೆ ಉಲ್ಟಾ, ಎಡಕ್ಕೆ ತಿರುಗಿದರೆ ಕೊರೆಯುತ್ತದೆ. ಅಂಗಡಿಯಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ, ನಾಲ್ಕು ದಿನ ಹಿಡಿಯಿತು. ಹೇಗೂ ಹೆಡ್ ಬಿಚ್ಚಿತ್ತು. ಸಮ ಇದ್ದ ಸ್ಟಡ್ ಮೇಲೆ ಹಾಕಿದೆ. ಕೊರೆಯುವ ಬಿಸಿ, ಜೊತೆಗೆ ಬಿಚ್ಚುವ ದಿಕ್ಕಿನಲ್ಲೇ ತಿರುಗುವ ಒತ್ತಡ. ಅರ್ಧ ಆಳಕ್ಕೆ ಹೋಗುವಷ್ಟರಲ್ಲಿ ಬಿಟ್ ಕಚ್ಚಿಕೊಂಡು, ಸ್ಟಡ್ ತಾನಾಗೇ ತಿರುಗಿ ಹೊರಗೆ ಬಂತು. ಬರದೇ ಹೋದರೂ ನಷ್ಟವಿಲ್ಲ, ಹೇಗೂ ಕೊರೆಯಲೇಬೇಕಾದ ತೂತು ತಾನೆ. ಹಿಂದಕ್ಕೆ ತಿರುಗುವ ಡ್ರಿಲ್ ಮೆಷಿನ್ ಬೇಕು, ಅಷ್ಟೇ.

ಈ ಸಲ ತೂತು ನಡುವಿಗೇ ಬಿತ್ತು. ಲೇತ್ ಅಣ್ಣನ ಉಪಾಯ ಅದು. ಮ್ಯಾನಿಫೋಲ್ಡನ್ನೇ ವಾಪಸ್ ಹೆಡ್‌ಗೆ ಕಟ್ಟಿದೆವು, ಗ್ಯಾಸ್ಕೆಟ್ ಇಲ್ಲದೆ, ಚೆನ್ನಾಗಿದ್ದ ಎರಡು ಸ್ಟಡ್ ಮೇಲೆ. ಮ್ಯಾನಿಫೋಲ್ಡಿನ ತೂತಿಗೆ ಸರಿಯಾಗಿ ಕೂರುವ ಹಾಗೆ ಒಂದು ಬುಷ್ ಕಡೆದುಕೊಟ್ಟರು, ಅದರ ನಡುವೆ 5 ಎಂ.ಎಂ. ತೂತು. ಬಿಟ್ ಅದರೊಳಗೆ ಇಳಿದರೆ ಅತ್ತಿತ್ತ ಜಾರೋಕೆ ಜಾಗವೇ ಇಲ್ಲ. ಬುಷ್‌ಗೆ ಅವರು ದುಡ್ಡೂ ತಗೊಳ್ಳಲಿಲ್ಲ, ಒಂದು ಟೀ ಕುಡಿದರು. ಈ ಬುಷ್ ಮೊದಲ ದಿನವೇ ಇದ್ದಿದ್ದರೆ ಈಸಿ ಔಟೂ ಗೆಲ್ಲುತ್ತಿತ್ತೋ ಏನೋ. ನನಗೆ ನಂಬಿಕೆಯಿಲ್ಲ.

ಹಾಗಾಗಿ ನನ್ನ ಲೆಕ್ಕ ಹೀಗೆ. ತುಂಡು ಹೊರಗಿದ್ದರೆ ಯೋಚನೆಯೇ ಬೇಡ, ನಟ್ ಮತ್ತು ವೆಲ್ಡ್. ಸಮ ಇದ್ದು, ಹತ್ತಿರದಲ್ಲಿ ಸಿಒಟು ವೆಲ್ಡರ್ ಇದ್ದರೆ ಅವರನ್ನೇ ಕರೆಸಿ. ಇಲ್ಲದಿದ್ದರೆ ಬುಷ್ ಮತ್ತು ಎಡಗೈ ಬಿಟ್. ಬಿಟ್ ಈಗ ಮನೆಯಲ್ಲೇ ಇರುತ್ತೆ, ಸೀಸನ್ ನಡುವೆ ನಾಲ್ಕು ದಿನ ಕಾಯುವ ತಾಳ್ಮೆ ನನಗಿಲ್ಲ. ವೆಲ್ಡಿಂಗ್ ಮೆಷಿನ್ ಇಲ್ಲದವರು ಈ ಒಂದು ಕೆಲಸಕ್ಕೆ ಅಂತ ಕೊಳ್ಳಬೇಡಿ, ಗಾಡಿಯನ್ನು ವೆಲ್ಡಿಂಗ್ ಅಂಗಡಿ ಮುಂದೆ ಎಳೆದು ನಿಲ್ಲಿಸಿದರೆ ಸಾಕು. ಕಾರಿನ ಅಲ್ಯೂಮಿನಿಯಂ ಹೆಡ್ ಆದರೆ ವೆಲ್ಡಿಂಗ್ ಇನ್ನೂ ನಿರಾಳ, ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಹಿಡಿಯಲ್ಲ. ಆದರೆ ಡ್ರಿಲ್ ಜಾರಿದರೆ ಮೆತ್ತಗಿನ ಹೆಡ್ ಕಡೆಗೇ ಓಡುತ್ತದೆ, ಆಮೇಲೆ ಹೆಲಿಕಾಯಿಲ್ (ಹಾಳಾದ ಥ್ರೆಡ್ ಬದಲಿಗೆ ಕೂರಿಸುವ ತಂತಿ ಸುರುಳಿ) ಹಾಕಿಸಬೇಕಾಗುತ್ತದೆ.

ವಾಪಸ್ ಜೋಡಿಸುವಾಗ ಆರೂ ಸ್ಟಡ್ ಹೊಸದು ಹಾಕಿದೆ. ಥ್ರೆಡ್‌ಗೆ ತಾಮ್ರದ ಪೇಸ್ಟ್ ಸವರಿ, ಸ್ಟಡ್ಡನ್ನು ಕೈಯಲ್ಲೇ ತಿರುಗಿಸಿ ಕೂರಿಸಿದೆ, ಸ್ಪ್ಯಾನರ್ ಹಾಕಿ ಬಿಗಿಯಲಿಲ್ಲ. ನಟ್ ಹಿತ್ತಾಳೆಯದು, ಅದು ಉಕ್ಕಿಗೆ ತುಕ್ಕು ಹಿಡಿದು ಅಂಟಿಕೊಳ್ಳಲ್ಲ. ಮ್ಯಾನಿಫೋಲ್ಡ್ ಮುಖಕ್ಕೆ ನೇರ ಪಟ್ಟಿ ಇಟ್ಟು ನೋಡಿದರೆ ಒಂದು ತುದಿ ಎದ್ದಿತ್ತು, ಲೇತ್‌ನಲ್ಲಿ ಸಮ ಮಾಡಿಸಿದೆ. ನಡುವಿನಿಂದ ತುದಿಯ ಕಡೆಗೆ ಟೈಟ್ ಮಾಡಿದ್ದು. ಮೊದಲ ಲೋಡ್ ಇಳಿಸಿ ಬಂದು, ಇಂಜಿನ್ ಪೂರ್ತಿ ಆರಿದ ಮೇಲೆ ಇನ್ನೊಂದು ಸಲ ಸ್ಪ್ಯಾನರ್ ಹಾಕಿ ನೋಡಿದೆ. ನಡುವಿನವು ಅಲುಗಲಿಲ್ಲ. ತುದಿಯ ಎರಡು ನಟ್ ಮಾತ್ರ ಕಾಲು ಸುತ್ತು ತಿರುಗಿದವು.