ಕಲಬುರಗಿಯ ಸೇವಾ ಕ್ಲಬ್ಬೊಂದರ ವಾರದ ಸಭೆ

ಕಲಬುರಗಿಯ ಈ ಸೇವಾ ಕ್ಲಬ್ಬಿನ ವಾರದ ಸಭೆಯಲ್ಲಿ ಹಾರ-ತುರಾಯಿಗಳಿಗೆ ಜಾಗವಿಲ್ಲ. ಅಧ್ಯಕ್ಷರು ಗಂಟೆ ಬಾರಿಸಿದ ಮೇಲೆ ರಾಷ್ಟ್ರಗೀತೆ, ಹಿಂದಿನ ಸಭೆಯ ವರದಿ ಹಾಗೂ ಖಜಾಂಚಿಯವರ ಲೆಕ್ಕಪತ್ರ ಬೇಗನೆ ಮುಗಿದು, ಉಳಿದ ಸಮಯವೆಲ್ಲ ಮುಂಬರುವ ಶಿಬಿರಗಳ ಸಿದ್ಧತೆಗೆ ಮೀಸಲಾಗುತ್ತದೆ.

ರಕ್ತದಾನ ಶಿಬಿರದ ಕುರಿತ ಚರ್ಚೆ ನನಗೆ ಬಹಳ ಹಿಡಿಸಿತು. ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ ಬಿದ್ದಾಗ ದಾನಿಗಳು ಕಡಿಮೆಯಾಗುತ್ತಾರೆ. ಆದರೆ ಹೆರಿಗೆಗೆ, ಅಪಘಾತದ ಗಾಯಾಳುಗಳಿಗೆ, ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯಿಂದ ಬಳಲುವ ಮಕ್ಕಳಿಗೆ ರಕ್ತ ಬೇಕೇ ಬೇಕು. ಆದ್ದರಿಂದ ಪರೀಕ್ಷೆಗಳಿಗೆ ಮುನ್ನವೇ ಶಿಬಿರ ನಡೆಸಬೇಕೆಂದು ಹಿರಿಯ ಸದಸ್ಯರೊಬ್ಬರು ಪಟ್ಟು ಹಿಡಿದರು. ದಾನಿಗಳ ವಯಸ್ಸು 18ರಿಂದ 65 ವರ್ಷ, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಇರಬೇಕು, ಎರಡು ದಾನಗಳ ನಡುವೆ ಪುರುಷರಿಗೆ 90, ಮಹಿಳೆಯರಿಗೆ 120 ದಿನಗಳ ಅಂತರ ಬೇಕು ಎಂಬ ವಿವರವನ್ನು ಕರಪತ್ರದ ಕರಡಿನಲ್ಲಿ ದಪ್ಪ ಅಕ್ಷರಗಳಲ್ಲಿಯೇ ಬರೆದಿದ್ದರು.

ನೇತ್ರ ತಪಾಸಣೆಯ ವಿಷಯದಲ್ಲಿಯೂ ಇದೇ ಕಾಳಜಿ ಕಂಡಿತು. ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಳ್ಳಿಯ ಹಿರಿಯರನ್ನು ಊರಿಗೆ ಮುಟ್ಟಿಸುವ ವಾಹನ, ಕಣ್ಣಿಗೆ ಹಾಕುವ ಹನಿ ಔಷಧ, ಮರುತಪಾಸಣೆ, ಪ್ರತಿಯೊಂದಕ್ಕೂ ಒಬ್ಬೊಬ್ಬರನ್ನು ಅಲ್ಲಿಯೇ ಹೊಣೆ ಮಾಡಲಾಯಿತು. ಬಿಸಿಲು 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಅರವಟಿಗೆ ತೆರೆಯುವ ನಿರ್ಧಾರಕ್ಕಂತೂ ಯಾರ ತಕರಾರೂ ಇರಲಿಲ್ಲ.

ಕೊರತೆಯೊಂದಿದೆ: ಶಿಬಿರಗಳ ಸುದ್ದಿ ಸದಸ್ಯರ ವಾಟ್ಸ್‌ಆ್ಯಪ್ ಗುಂಪಿನಾಚೆ ಹೋಗುವುದಿಲ್ಲ. ಗ್ರಾಮ ಪಂಚಾಯಿತಿ ಕಚೇರಿಗಳಿಗೂ ಆಶಾ ಕಾರ್ಯಕರ್ತೆಯರಿಗೂ ವಾರ ಮೊದಲೇ ತಿಳಿಸಿದರೆ ನಿಜವಾಗಿ ಅಗತ್ಯವಿರುವವರು ಬರುತ್ತಾರೆ.